ಬಡ್ಜಿ ಜೋಡಿ ಹಾಕುವಾಗ ನಾನು ನೋಡುವುದು ಅಪ್ಪ ಅಮ್ಮನನ್ನು

ಅಂಗಡಿಯಲ್ಲಿ ‘ಲವ್ ಬರ್ಡ್ಸ್’ ಅಂತ ಮಾರುವ ಪುಟ್ಟ ಗಿಳಿಗಳು ಹೆಚ್ಚಾಗಿ ಬಡ್ಜಿಗಳೇ. ಅವುಗಳ ಊರು ಆಸ್ಟ್ರೇಲಿಯಾ, ಮೂಲ ಬಣ್ಣ ಹಸಿರು. ನಾನು ನೀಲಿ ಮತ್ತು ಹಳದಿ ಮರಿಗಳಿಗಾಗಿಯೇ ಜೋಡಿ ಹಾಕುತ್ತೇನೆ.

ಹಸಿರು ಹಕ್ಕಿಯಲ್ಲಿ ಎರಡು ಬಣ್ಣ ಸೇರಿರುತ್ತವೆ. ಗರಿಯ ರಚನೆಯಿಂದ ಬರುವ ನೀಲಿ ಒಂದು, ಹಳದಿ ವರ್ಣದ್ರವ್ಯ ಇನ್ನೊಂದು. ಹಳದಿ ತಯಾರಾಗದಿದ್ದರೆ ಉಳಿಯುವುದು ನೀಲಿ. ಇದರ ಜೀನ್ ಯಾವುದು ಅಂತ 2017ರಲ್ಲಿ ಗೊತ್ತಾಯಿತು. ಮರಿಗೆ ಅದರ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಸರಿಯಿದ್ದರೂ ಸಾಕು, ಹಕ್ಕಿ ಹಸಿರೇ. ಒಳಗೆ ನೀಲಿ ಅಡಗಿಸಿಕೊಂಡ ಇಂಥ ಹಸಿರಿಗೆ ನಾವು ಸ್ಪ್ಲಿಟ್ ಅನ್ನುತ್ತೇವೆ.

ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಯಾರಾದರೂ ‘ಗ್ಯಾರಂಟಿ ಸ್ಪ್ಲಿಟ್’ ಅಂದರೆ, ಅಪ್ಪ ಅಮ್ಮ ಯಾವ ಬಣ್ಣ ಅಂತ ಕೇಳುತ್ತೇನೆ. ಒಬ್ಬರು ನೀಲಿ ಇದ್ದರೆ ಮಾತು ನಿಜ. ಇಲ್ಲದಿದ್ದರೆ ನೀಲಿ ಹಕ್ಕಿಯ ಜೊತೆ ಬಿಟ್ಟು ನೋಡುತ್ತೇನೆ. ಒಂದೇ ಒಂದು ನೀಲಿ ಮರಿ ಬಂದರೂ ಉತ್ತರ ಸಿಕ್ಕಿತು. ಐದೂ ಹಸಿರಾದರೆ? ನಿಜವಾದ ಸ್ಪ್ಲಿಟ್‌ಗೂ 32ರಲ್ಲಿ ಒಂದು ಸಲ ಹಾಗಾಗಬಹುದು, ಇನ್ನೊಂದು ಗೂಡು ಕಾಯಬೇಕು.

ಎರಡು ಸ್ಪ್ಲಿಟ್ ಸೇರಿಸಿದರೆ ನಾಲ್ಕರಲ್ಲಿ ಒಂದು ನೀಲಿ ಅನ್ನುವುದೂ ಹೀಗೇ. ಗುಣಗಳು ಪೀಳಿಗೆಗೆ ಇಳಿಯುವ ಲೆಕ್ಕ ಕಂಡುಹಿಡಿದ ಮೆಂಡಲ್‌ಗೆ ಬಟಾಣಿಯಲ್ಲಿ 705 ನೇರಳೆ, 224 ಬಿಳಿ ಹೂವಿನ ಗಿಡ ಸಿಕ್ಕಿದ್ದು 929 ಗಿಡ ಬೆಳೆಸಿದ್ದಕ್ಕೆ. ನಾಲ್ಕು ಮೊಟ್ಟೆಯ ಮಡಕೆ ಗೂಡಿನಲ್ಲಿ ಆ ಲೆಕ್ಕ ಹುಡುಕಿದರೆ ಹೇಗೆ, ಅಲ್ವಾ?

ನನಗೆ ಜಾಸ್ತಿ ಇಷ್ಟ ಲುಟಿನೊ. ಹಳದಿ ಮೈ, ಕೆಂಪು ಕಣ್ಣು. ಈ ಜೀನ್ ಇರುವುದು ಗಂಡೋ ಹೆಣ್ಣೋ ಅಂತ ನಿರ್ಧರಿಸುವ ಝಡ್ ಕ್ರೋಮೋಸೋಮಿನ ಮೇಲೆ. ಹಕ್ಕಿಗಳಲ್ಲಿ ನಮಗಿಂತ ಉಲ್ಟಾ: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು. ಹೆಣ್ಣು ಮರಿಗೆ ಝಡ್ ಕೊಡುವವನು ಅಪ್ಪ ಮಾತ್ರ. ಹಾಗಾಗಿ ಲುಟಿನೊ ಗಂಡಿಗೆ ಹಸಿರು ಹೆಣ್ಣು ಹಾಕಿದರೆ ಹೆಣ್ಣು ಮರಿಗಳೆಲ್ಲ ಲುಟಿನೊ, ಗಂಡೆಲ್ಲ ಹಸಿರು. ಗರಿ ಮೂಡುವ ಮೊದಲೇ ಕಣ್ಣು ನೋಡಿ ಹೇಳುತ್ತೇನೆ: ಕೆಂಪಾದರೆ ಹೆಣ್ಣು, ಕಪ್ಪಾದರೆ ಗಂಡು. ಸುಮ್ನೆ ಚಮತ್ಕಾರ ಅಲ್ಲ ಇದು. ಬೇರೆ ಬಡ್ಜಿಗಳಲ್ಲಿ ಮೂಗಿನ ಮೇಲಿನ ಪಟ್ಟಿ ನೀಲಿಯಾದರೆ ಗಂಡು ಅನ್ನಬಹುದು. ಲುಟಿನೊ ಗಂಡಿನಲ್ಲಿ ಅದು ದೊಡ್ಡದಾದ ಮೇಲೂ ಗುಲಾಬಿಯೇ ಇರುತ್ತದೆ.

ಜೋಡಿ ತಿರುಗಿಸಿ, ಲುಟಿನೊ ಹೆಣ್ಣಿಗೆ ಶುದ್ಧ ಹಸಿರು ಗಂಡು ಹಾಕಿದರೆ ಎಲ್ಲ ಮರಿಯೂ ಹಸಿರು. ಗಂಡು ಮರಿಗಳು ಮಾತ್ರ ಸ್ಪ್ಲಿಟ್. ಒಂದೇ ಝಡ್ ಇರುವ ಹೆಣ್ಣು ಲುಟಿನೊವನ್ನು ಅಡಗಿಸಿಕೊಳ್ಳಲಾರದು. ‘ಲುಟಿನೊ ಸ್ಪ್ಲಿಟ್ ಹೆಣ್ಣು’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನು ಬಿಳಿ ಆಲ್ಬಿನೊ ಬೇಕೆನ್ನುವವರಿಗೆ: ಅದು ನೀಲಿ ಮತ್ತು ಲುಟಿನೊ ಒಂದೇ ಮೈಯಲ್ಲಿ ಸೇರಿದ ಹಕ್ಕಿ. ನೀಲಿಗೆ ಸ್ಪ್ಲಿಟ್ ಆದ ಲುಟಿನೊ ಗಂಡಿಗೆ ನೀಲಿ ಹೆಣ್ಣು ಹಾಕಿ. ಹೆಣ್ಣು ಮರಿಗಳಲ್ಲಿ ಸರಾಸರಿ ಅರ್ಧ ಬಿಳಿ ಬರುತ್ತವೆ.