ಕಂಪ್ಯೂಟರ್ ಆಗಾಗ ಕೈಕೊಡುತ್ತಿದೆಯೇ? ಕಾರಣ ಹುಡುಕುವುದು ಹೀಗೆ

ಕೆಲಸದ ಮಧ್ಯೆ ಪರದೆ ಇದ್ದಲ್ಲೇ ನಿಂತುಬಿಡುತ್ತದೆ. ಇಲ್ಲವೇ ಡೆಸ್ಕ್‌ಟಾಪ್ ತಾನಾಗಿಯೇ ಆಫ್ ಆಗಿ ಮತ್ತೆ ಶುರುವಾಗುತ್ತದೆ. ಆಗ ಸುತ್ತಲಿನವರು ಹೇಳುವುದು ಒಂದೇ ಮಾತು: ವಿಂಡೋಸ್ ಹೊಸದಾಗಿ ಹಾಕಿಬಿಡಿ. ಅದು ಕೊನೆಗಿರಲಿ. ದೋಷ ರ‍್ಯಾಮ್‌ನಲ್ಲೋ ಪವರ್ ಸಪ್ಲೈನಲ್ಲೋ ಇದ್ದರೆ ಎಷ್ಟು ಸಲ ವಿಂಡೋಸ್ ಹಾಕಿದರೂ ಸುಮ್ನೆ ಸಮಯ ಹಾಳು.

ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. ಕೆಡುತ್ತಿರುವುದು ಡಿಸ್ಕೇ ಆಗಿದ್ದರೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ.

ಮುಂದಿನ ಸಲ ಪರದೆ ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಪೂರ್ತಿ ನಿಂತಿಲ್ಲ ಎಂದರ್ಥ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ಮೂಡಿಸುವ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಹೊಸದಾಗಿ ಶುರುವಾಗುತ್ತದೆ. ಅದರಿಂದ ಪರದೆ ಮರಳಿದರೆ ಆ ಡ್ರೈವರ್ ಮೇಲೇ ಮೊದಲ ಅನುಮಾನ. ದೀಪವೂ ಅಲುಗದಿದ್ದರೆ ತೊಂದರೆ ಆಳದಲ್ಲಿದೆ.

ನಂತರ ಸ್ಟಾರ್ಟ್ ಮೆನುವಿನಲ್ಲಿ 'ರಿಲಯಬಿಲಿಟಿ ಹಿಸ್ಟರಿ' ಎಂದು ಹುಡುಕಿ ತೆರೆಯಿರಿ. ಯಾವ ದಿನ ಏನು ಕೆಟ್ಟಿತು, ಯಾವ ಅಪ್‌ಡೇಟ್ ಬಂತು ಎಂಬುದು ತಾರೀಖಿನ ಪ್ರಕಾರ ಕಾಣುತ್ತದೆ. ಹೊಸ ಡ್ರೈವರ್ ಬಂದ ಮರುದಿನದಿಂದಲೇ ಕಾಟ ಶುರುವಾಗಿದ್ದರೆ ಹಳೆಯ ಡ್ರೈವರ್‌ಗೆ ಮರಳಿ ನೋಡಿ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಎಂದು ಕಂಡರೆ ಪವರ್ ಸಪ್ಲೈ ಹೋಯಿತು ಎಂದು ತೀರ್ಮಾನಿಸಬೇಡಿ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ನಿಂತಿತು ಎಂದಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಗೇಮ್ ಆಡುವಾಗ ಅಥವಾ ವಿಡಿಯೊ ಎಡಿಟ್ ಮಾಡುವಾಗ ಮಾತ್ರ ನಿಲ್ಲುತ್ತದೆಯೇ? ಹಾಗಾದರೆ ಬಿಸಿಯನ್ನು ನೋಡಿ. ಎಚ್‌ಡಬ್ಲ್ಯುಇನ್ಫೋದಂಥ ಉಚಿತ ತಂತ್ರಾಂಶ ತಾಪಮಾನ ತೋರಿಸುತ್ತದೆ. ಇಂದಿನ ಹೆಚ್ಚಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹತ್ತಿರ ಬಂದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಪದೇಪದೇ ಅಲ್ಲಿಗೆ ಮುಟ್ಟುತ್ತಿದ್ದರೆ ದೂಳು ತೆಗೆಯಿರಿ, ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ. ದೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಹೊತ್ತುಗೊತ್ತಿಲ್ಲದೆ, ಪ್ರತಿ ಸಲ ಬೇರೆ ಬೇರೆ ಎರರ್ ತೋರಿಸಿ ನಿಲ್ಲುವುದಾದರೆ ನಾನು ಮೊದಲು ಹಿಡಿಯುವುದು ರ‍್ಯಾಮ್ ಅನ್ನೇ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಇದ್ದರೆ ಆಫ್ ಮಾಡಿ, ಕೆಲವು ದಿನ ಹಾಗೇ ಬಳಸಿ. ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. ವಿಂಡೋಸ್ ಜೊತೆಗೇ ಬರುವ ಪರೀಕ್ಷೆ ಸುಲಭ, ನಿಜ. ಆದರೆ ಅದು ಕೆಲವು ದೋಷಗಳನ್ನು ಹಿಡಿಯುವುದೇ ಇಲ್ಲ. ಒಂದೇ ಒಂದು ಎರರ್ ಬಂದರೂ 'ಪರವಾಗಿಲ್ಲ' ಅನ್ನುವಂತಿಲ್ಲ. ಆಗ ಪ್ಲಗ್ ಕಿತ್ತು, ಒಂದೊಂದೇ ರ‍್ಯಾಮ್ ಕಡ್ಡಿಯನ್ನು ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ. ಒಂದೇ ಕಡ್ಡಿ ಪ್ರತಿ ಸಲ ಎರರ್ ಕೊಟ್ಟರೆ ಅದನ್ನು ಬದಲಿಸಿ. ಎಲ್ಲ ಕಡ್ಡಿಗಳೂ ಪಾಸಾದರೆ, ಒಳ್ಳೆಯ ಒಂದು ಕಡ್ಡಿಯನ್ನು ಉಳಿದ ಸ್ಲಾಟ್‌ಗಳಲ್ಲಿ ಹಾಕಿ ನೋಡಿ.

ಡಿಸ್ಕ್‌ನ ಸ್ಥಿತಿ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ತಂತ್ರಾಂಶ ಸಾಕು. ಸಾಟಾ ಡಿಸ್ಕ್‌ನಲ್ಲಿ (ಕೇಬಲ್‌ನಿಂದ ಮದರ್‌ಬೋರ್ಡ್‌ಗೆ ಸೇರುವಂಥದ್ದು) ಸಿಆರ್‌ಸಿ ಎರರ್, ಅಂದರೆ ಮಾಹಿತಿ ಸಾಗುವಾಗಿನ ತಪ್ಪುಗಳ ಎಣಿಕೆ ಏರುತ್ತಲೇ ಇದ್ದರೆ ಹೆಚ್ಚಾಗಿ ತಪ್ಪು ಕೇಬಲ್‌ನದ್ದು. ಹೊಸ ಡಿಸ್ಕ್ ಕೊಳ್ಳುವ ಮೊದಲು ಕೇಬಲ್ ಬದಲಿಸಿ.

ಪವರ್ ಸಪ್ಲೈಯನ್ನು ಮನೆಯಲ್ಲಿ ನೆಚ್ಚುವಂತೆ ಪರೀಕ್ಷಿಸುವುದು ಕಷ್ಟ. ಸರಿಯಿರುವ ಇನ್ನೊಂದನ್ನು ಹಾಕಿ ನೋಡುವುದೇ ದಾರಿ. ಅದರ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ತಾರೀಖು ಬರೆದಿಡಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಾದರೂ ಹೇಗೆ, ಅಲ್ವಾ? ಇಷ್ಟೆಲ್ಲ ಆಗಿಯೂ ನಿಲ್ಲುತ್ತಿದ್ದರೆ ಈಗ ವಿಂಡೋಸ್ ಹೊಸದಾಗಿ ಹಾಕಿ. ಅದಾದ ಮೇಲೂ ಅದೇ ಹಾಡಾದರೆ ಉಳಿಯುವುದು ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್. ರಿಪೇರಿಗೆ ಒಯ್ಯುವಾಗ ನೀವು ಬರೆದಿಟ್ಟ ಪಟ್ಟಿಯನ್ನೂ ಕೊಡಿ.