ತೂಗುವ ಸಿಲಿಂಡರಿನ ಪುಟ್ಟ ಎಂಜಿನ್: ಮನೆಯ ಲೇತ್‌ನಲ್ಲಿ ಮಾಡುವ ಬಗೆ

ಲೇತ್‌ನಲ್ಲಿ ಫೇಸಿಂಗ್, ಟರ್ನಿಂಗ್, ಡ್ರಿಲ್ಲಿಂಗ್ ಕೈಗೆ ಹತ್ತಿದ್ದರೆ ಮೊದಲು ಮಾಡಬೇಕಾದ ಎಂಜಿನ್ ಇದೇ. ಇದಕ್ಕೆ ವಾಲ್ವ್ ಇಲ್ಲ, ಎಕ್ಸೆಂಟ್ರಿಕ್ ಇಲ್ಲ, ಬೇರೆ ಕನೆಕ್ಟಿಂಗ್ ರಾಡ್ ಕೂಡ ಇಲ್ಲ. ಪಿಸ್ಟನ್ ರಾಡ್ ನೇರವಾಗಿ ಕ್ರ್ಯಾಂಕ್ ಪಿನ್ನಿಗೆ ಸಿಕ್ಕಿಕೊಂಡಿರುತ್ತದೆ. ಕ್ರ್ಯಾಂಕ್ ತಿರುಗಿದಂತೆಲ್ಲ ಇಡೀ ಸಿಲಿಂಡರ್ ಒಂದು ಪಿನ್ನಿನ (ಪಿವಟ್) ಮೇಲೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಸಿಲಿಂಡರಿನ ಬೆನ್ನಲ್ಲಿ ಒಂದು ತೂತು, ಅದು ಒರಗಿ ನಿಂತ ಪ್ಲೇಟಿನಲ್ಲಿ ಎರಡು ತೂತು. ಈ ತೂತುಗಳಿಗೇ ಪೋರ್ಟ್ ಎನ್ನುವುದು. ಒಂದು ಕಡೆ ತೂಗಿದಾಗ ಗಾಳಿ ಒಳಗೆ ಬರುತ್ತದೆ, ಇನ್ನೊಂದು ಕಡೆ ತೂಗಿದಾಗ ಹೊರಗೆ ಹೋಗುತ್ತದೆ.

ಇಲ್ಲಿ ಕೊಟ್ಟಿರುವ ಅಳತೆಗಳು 10 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 16 ಮಿ.ಮೀ. ಸ್ಟ್ರೋಕ್ (ಪಿಸ್ಟನ್ನಿನ ಓಡಾಟ) ಇರುವ ಎಂಜಿನ್ನಿಗೆ. ಓಡಿಸುವುದು ಕಂಪ್ರೆಸರ್ ಗಾಳಿಯಲ್ಲಿ, 1 ಬಾರ್ ಆಸುಪಾಸಿನ ಒತ್ತಡದಲ್ಲಿ.

ಮೊದಲು ಲೆಕ್ಕ

ಪಿವಟ್ ಪಿನ್ನಿನಿಂದ ಶಾಫ್ಟಿನ ನಡುವಿಗೆ 40 ಮಿ.ಮೀ., ಕ್ರ್ಯಾಂಕಿನ ತ್ರಿಜ್ಯ 8 ಮಿ.ಮೀ. ಅಂದರೆ ಸಿಲಿಂಡರ್ ತನ್ನ ನಡುಗೆರೆಯಿಂದ ಎರಡೂ ಕಡೆ ಸುಮಾರು ಹನ್ನೊಂದೂವರೆ ಡಿಗ್ರಿ ವಾಲುತ್ತದೆ. ಸಿಲಿಂಡರಿನ ಪೋರ್ಟ್ ಪಿವಟ್ಟಿನಿಂದ 15 ಮಿ.ಮೀ. ಮೇಲಿದ್ದರೆ, ವಾಲಿದಾಗ ಅದು ಪಕ್ಕಕ್ಕೆ ಸರಿಯುವುದು 15 × 8 ÷ 40 = 3 ಮಿ.ಮೀ. ಪ್ಲೇಟಿನ ಎರಡು ಪೋರ್ಟ್‌ಗಳೂ ನಡುಗೆರೆಯಿಂದ ಅಷ್ಟೇ ದೂರದಲ್ಲಿರಬೇಕು.

ಈ 3 ಮಿ.ಮೀ. ಅಳತೆಯೇ ತೂತಿನ ಗಾತ್ರವನ್ನೂ ಗೊತ್ತುಮಾಡುತ್ತದೆ. ಕ್ರ್ಯಾಂಕ್ ನೆಟ್ಟಗೆ ಮೇಲೆ ಅಥವಾ ಕೆಳಗೆ ನಿಂತಾಗ ಸಿಲಿಂಡರಿನ ಪೋರ್ಟ್ ಎರಡು ತೂತುಗಳ ನಡುವೆ ಪೂರ್ತಿ ಮುಚ್ಚಿರಬೇಕು. 2.5 ಮಿ.ಮೀ. ತೂತು ಕೊರೆದರೆ ಎರಡೂ ಪಕ್ಕ ಅರ್ಧ ಮಿ.ಮೀ. ಮರೆ ಉಳಿಯುತ್ತದೆ. ಜಾಸ್ತಿ ಗಾಳಿ ಹೋಗಲಿ ಎಂದು 3.2 ಬಿಟ್ ಹಾಕಿದರೆ ಆ ಗಳಿಗೆಯಲ್ಲಿ ಸಿಲಿಂಡರಿನ ಪೋರ್ಟ್ ಎರಡಕ್ಕೂ ಒಟ್ಟಿಗೆ ತೆರೆದುಕೊಂಡು, ಬಂದ ಗಾಳಿ ಕೆಲಸವನ್ನೇ ಮಾಡದೆ ಹೊರಗೆ ಹೋಗುತ್ತದೆ. ಎಷ್ಟೋ ಮೊದಲ ಎಂಜಿನ್‌ಗಳು ಬುಸುಗುಟ್ಟಿ ಸುಮ್ಮನಾಗುವುದು ಇದೊಂದೇ ಕಾರಣಕ್ಕೆ.

ಸಾಮಾನು

ಸಿಲಿಂಡರಿಗೆ 20 ಮಿ.ಮೀ. ಚೌಕದ ಹಿತ್ತಾಳೆ ಬಾರ್, 36 ಮಿ.ಮೀ. ಉದ್ದ. ಪಿಸ್ಟನ್ನಿಗೆ 12 ಮಿ.ಮೀ. ಎರಕದ ಕಬ್ಬಿಣದ ಅಥವಾ ಕಂಚಿನ ಬಾರ್. ಹಿತ್ತಾಳೆಯೊಳಗೆ ಹಿತ್ತಾಳೆಯನ್ನೇ ಓಡಿಸಿದರೆ ಎಣ್ಣೆ ಒಣಗಿದ ಕೂಡಲೇ ಒಂದನ್ನೊಂದು ಕೆರೆದುಕೊಳ್ಳುತ್ತವೆ. ಪಿಸ್ಟನ್ ರಾಡ್‌ಗೂ ಕ್ರ್ಯಾಂಕ್ ಪಿನ್ನಿಗೂ 3 ಮಿ.ಮೀ. ಸಿಲ್ವರ್ ಸ್ಟೀಲ್ ಎಂಬ ಉಕ್ಕಿನ ಸರಳು, ಶಾಫ್ಟಿಗೆ 5 ಮಿ.ಮೀ., ಪಿವಟ್ಟಿಗೆ 4 ಮಿ.ಮೀ. ಇವು ಮಸೆದ ಮೈಯಲ್ಲೇ, ಅಂದರೆ ಗ್ರೈಂಡ್ ಆಗಿಯೇ ಸಿಗುವುದರಿಂದ ಹೊರಮೈ ತಿರುವುವ ಕೆಲಸವಿಲ್ಲ. ನಿಲುವು ಪ್ಲೇಟಿಗೆ 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ, 40 × 95. ಕ್ರ್ಯಾಂಕ್ ಡಿಸ್ಕಿಗೆ 25 ಮಿ.ಮೀ. ಎಂಎಸ್ (ಮೆದು ಉಕ್ಕು) ರಾಡಿನ ತುಂಡು, ಫ್ಲೈವೀಲಿಗೆ 50 ಮಿ.ಮೀ.ಗಿಂತ ತುಸು ದಪ್ಪನೆಯ ಎಂಎಸ್. ಇವಲ್ಲದೆ 8 ಮಿ.ಮೀ. ಕಂಚಿನ ಬುಷ್, ಒಂದು ಸಣ್ಣ ಸ್ಪ್ರಿಂಗ್, ಶಾಫ್ಟನ್ನು ಕೂರಿಸಲು ಲಾಕ್‌ಟೈಟ್ 638 ಅಂಟು.

ಕೊರೆದ ತೂತನ್ನು ಸರಿ ಅಳತೆಗೆ ನುಣುಪಾಗಿ ತರುವ ರೀಮರ್ ನಾಲ್ಕು ಬೇಕು: 3, 4, 5 ಮತ್ತು 10 ಮಿ.ಮೀ. ಇದರಲ್ಲಿ ಉಳಿತಾಯ ಮಾಡಬೇಡಿ. ಬರೀ ಡ್ರಿಲ್ ಬಿಟ್ಟಿನ ತೂತಿನಲ್ಲಿ ಪಿಸ್ಟನ್ ಓಡಿಸುವ ಆಸೆಯಂತೂ ಬೇಡ.

ಸಿಲಿಂಡರ್

ಚೌಕದ ಬಾರನ್ನು ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು ಡಯಲ್ ಗೇಜಿನಿಂದ ನಡುವಿಗೆ ತನ್ನಿ. ನಾಲ್ಕೂ ಮುಖಗಳ ಓದು 0.05ರೊಳಗೆ ಬಂದರೆ ಸಾಕು. ಬೋರ್ ಕೂದಲಷ್ಟು ಆಚೀಚೆ ಹೋದರೆ ಎಂಜಿನ್ನಿಗೆ ಬೇಜಾರಿಲ್ಲ, ಆದರೆ ಅದು ಪೋರ್ಟ್ ಮುಖಕ್ಕೆ ಸಮಾನಾಂತರವಾಗಿ ಇರಲೇಬೇಕು. ಹಾಗಾಗಿ ಡಯಲನ್ನು ಬಾರಿನ ಉದ್ದಕ್ಕೂ ಓಡಿಸಿ ನೋಡಿ.

ಫೇಸ್ ಮಾಡಿ, ಸೆಂಟರ್ ಡ್ರಿಲ್ ಹಾಕಿ, 5, ಆಮೇಲೆ 8, ಆಮೇಲೆ 9 ಮಿ.ಮೀ. ಬಿಟ್‌ಗಳಲ್ಲಿ ಆರಪಾರು ಕೊರೆಯಿರಿ. ಹಿತ್ತಾಳೆಯಲ್ಲಿ ದೊಡ್ಡ ಬಿಟ್ ತಾನೇ ಒಳಗೆ ಎಳೆದುಕೊಂಡು ಸಿಕ್ಕಿಬೀಳುತ್ತದೆ. ಬಿಟ್ಟಿನ ಎರಡೂ ಬಾಯಂಚುಗಳನ್ನು ಸಾಣೆಕಲ್ಲಿನಿಂದ ಒಂದೆರಡು ಸಲ ಮೆಲ್ಲಗೆ ಚಪ್ಪಟೆ ತೀಡಿದರೆ ಎಳೆಯುವುದಿಲ್ಲ. ಬಿಟ್ ಕೊರೆದ ತೂತು ತುಸು ಓರೆಯಾಗಿಯೇ ಇರುತ್ತದೆ, ರೀಮರ್ ಆ ಓರೆಯನ್ನೇ ಹಿಂಬಾಲಿಸುತ್ತದೆ. ಆದ್ದರಿಂದ ನಡುವೆ ಸಣ್ಣ ಬೋರಿಂಗ್ ಬಾರ್ ಹಾಕಿ 9.8ಕ್ಕೆ ತಂದು, ಕೊನೆಗೆ ನಿಧಾನ ವೇಗದಲ್ಲಿ, ನಿಮಿಷಕ್ಕೆ 150ರಿಂದ 200 ಸುತ್ತಿನಲ್ಲಿ, 10 ಮಿ.ಮೀ. ರೀಮರ್ ಬಿಡಿ. ರೀಮರನ್ನು ಹೊರಗೆ ತೆಗೆಯುವಾಗಲೂ ಚಕ್ ಮುಂದಕ್ಕೇ ತಿರುಗುತ್ತಿರಲಿ, ಹಿಂದಕ್ಕೆ ತಿರುಗಿಸಿದರೆ ರೀಮರಿನ ಅಂಚು ಹಾಳು.

ಒಂದು ಮುಖದ ನಡುವೆ ಉದ್ದಕ್ಕೆ ಗೆರೆ ಎಳೆಯಿರಿ. ತಳದಿಂದ 14 ಮಿ.ಮೀ. ಎತ್ತರದಲ್ಲಿ ಪಿವಟ್ ಬರುತ್ತದೆ: 3.3 ಬಿಟ್ಟಿನಲ್ಲಿ ಬರೀ 4 ಮಿ.ಮೀ. ಆಳ, ಎಂ4 ಟ್ಯಾಪ್. ಗೋಡೆ ಇರುವುದೇ 5 ಮಿ.ಮೀ. ಬಿಟ್ಟಿನ ಚೂಪು ತುದಿ ಬೋರಿಗೆ ಇಣುಕಿದರೆ ಈ ತುಂಡನ್ನು ಬದಿಗಿಟ್ಟು ಹೊಸದು ಮಾಡಬೇಕಾಗುತ್ತದೆ, ಹಾಗಾಗಿ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ತೂತಿನ ಬಾಯಿಯ ಸುತ್ತ 10 ಮಿ.ಮೀ. ವ್ಯಾಸದಲ್ಲಿ ಎರಡು ಮೂರು ಕೂದಲೆಳೆ ತಗ್ಗು ಮಾಡಿ. ಟ್ಯಾಪ್ ಹಾಕಿದಾಗ ಬಾಯಿ ಉಬ್ಬುತ್ತದೆ, ಆ ಉಬ್ಬಿನ ಮೇಲೆ ಸಿಲಿಂಡರ್ ಕುಂಟುತ್ತದೆ. ಪೋರ್ಟ್ ತೂತು ಈಗಲೇ ಬೇಡ.

ಪಿಸ್ಟನ್ ಮತ್ತು ರಾಡ್

39 ಮಿ.ಮೀ. ಉದ್ದದ ರಾಡಿನ ಎರಡೂ ತುದಿಗೆ 6 ಮಿ.ಮೀ. ಎಂ3 ಥ್ರೆಡ್. ಡೈಯನ್ನು ಟೇಲ್‌ಸ್ಟಾಕ್ ಹೋಲ್ಡರಿನಲ್ಲೇ ಹಿಡಿಯಿರಿ, ಕೈಯಲ್ಲಿ ಹಾಕಿದ ಥ್ರೆಡ್ ನೆಟ್ಟಗೆ ಬರುವುದು ಅಪರೂಪ. ಪಿಸ್ಟನ್ನಿನ ತುಂಡನ್ನು 10 ಮಿ.ಮೀ. ಉದ್ದಕ್ಕೆ, ಹೊರಗೆ 10.3ಕ್ಕೆ ತಿರುವಿ, ನಡುವೆ ಎಂ3 ಟ್ಯಾಪ್ ಹಾಕಿ ರಾಡಿಗೆ ಬಿಗಿಯಾಗಿ ಕೂರಿಸಿ. ಆಮೇಲೆ ರಾಡನ್ನು ಚಕ್ಕಿನಲ್ಲಿ ಹಿಡಿದು, ಪಿಸ್ಟನ್ ದವಡೆಗೆ 2 ಮಿ.ಮೀ. ಹತ್ತಿರವಿರುವಂತೆ ಮಾಡಿ, ಕೊನೆಯ ಅಳತೆಗೆ ತಿರುವಿ. ಥ್ರೆಡ್ ಎಷ್ಟೇ ಓರೆ ಇದ್ದರೂ ಹೀಗೆ ಮಾಡಿದರೆ ಪಿಸ್ಟನ್ ರಾಡಿನ ಅಕ್ಷದ ಮೇಲೇ ಬರುತ್ತದೆ. ಮೂರು ದವಡೆಯ ಚಕ್ ಸ್ವಲ್ಪ ನಡುತಪ್ಪಿ ತಿರುಗುತ್ತಿದ್ದರೆ ಕಾಲೆಟ್ (ರಾಡನ್ನು ಸುತ್ತಲೂ ಸಮನಾಗಿ ಹಿಡಿಯುವ ತೋಳು) ಬಳಸಿ.

ಗುರಿ 9.98. ಕೊನೆಯ ನೂರನೇ ಭಾಗಗಳನ್ನು ಟೂಲ್‌ಗಿಂತ 600 ನಂಬರಿನ ಎಣ್ಣೆ ಹಚ್ಚಿದ ಕಾಗದಕ್ಕೆ ಬಿಡುವುದು ಒಳ್ಳೆಯದು. ಸಿಲಿಂಡರ್ ಇನ್ನೂ ಎರಡೂ ಕಡೆ ತೆರೆದಿದೆ, ಅದನ್ನೇ ಗೇಜಾಗಿ ಬಳಸಿ: ಒಣಗಿದ ಪಿಸ್ಟನ್ ತನ್ನ ಭಾರಕ್ಕೇ ನಿಧಾನವಾಗಿ ಜಾರಬೇಕು, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿದರೆ ನಿಲ್ಲಬೇಕು. ಅರ್ಧ ಮಿ.ಮೀ. ಅಗಲದ ಎರಡು ಎಣ್ಣೆಗಾಲುವೆ ಕೊರೆದರೆ ಪಿಸ್ಟನ್ ಆಯಿತು. ಪಿಸ್ಟನ್ ರಿಂಗ್ ಈ ಗಾತ್ರಕ್ಕೆ ಬೇಕಿಲ್ಲ.

ರಾಡಿನ ಇನ್ನೊಂದು ತುದಿಗೆ 8 × 6 × 12 ಹಿತ್ತಾಳೆ ತುಂಡು. ತಳದಿಂದ 4 ಮಿ.ಮೀ. ಮೇಲೆ 3 ಮಿ.ಮೀ. ರೀಮ್ ಮಾಡಿದ ತೂತು, ನೆತ್ತಿಯಿಂದ 6 ಮಿ.ಮೀ. ಆಳದ ಎಂ3. ಪಿಸ್ಟನ್ನಿನ ತಳದಿಂದ ಈ ತೂತಿನ ನಡುವಿಗೆ 35 ಮಿ.ಮೀ. ಬರಬೇಕು. ಅರ್ಧ ಸುತ್ತು ತಿರುಗಿಸಿದರೆ ಕಾಲು ಮಿ.ಮೀ. ಸರಿಯುತ್ತದೆ, ಹೊಂದಿಸಿಕೊಳ್ಳಲು ಅಷ್ಟು ಸಾಕು.

ಕ್ರ್ಯಾಂಕ್, ಫ್ಲೈವೀಲ್

ಡಿಸ್ಕ್ 24 ಮಿ.ಮೀ. ವ್ಯಾಸ, 6 ಮಿ.ಮೀ. ದಪ್ಪ. ನಡುವೆ 5 ಮಿ.ಮೀ., ಅಲ್ಲಿಂದ 8 ಮಿ.ಮೀ. ದೂರಕ್ಕೆ 3 ಮಿ.ಮೀ. ದೂರ 7.9 ಆಯಿತೋ 8.1 ಆಯಿತೋ ಚಿಂತೆ ಬೇಡ. ಎರಡು ತೂತುಗಳೂ ಸಮಾನಾಂತರವಾಗಿರುವುದು ಮುಖ್ಯ. ಡಿಸ್ಕಿನ ಎರಡೂ ಮುಖ ಸಮನಾಗಿ ಫೇಸ್ ಆಗಿದ್ದರೆ, ಡ್ರಿಲ್ ಪ್ರೆಸ್ಸಿನ ವೈಸಿನಲ್ಲಿ ಚಪ್ಪಟೆ ಮಲಗಿಸಿ ಪಿನ್ನಿನ ತೂತು ಕೊರೆಯಬಹುದು. ಪಿನ್ ಡಿಸ್ಕಿನಿಂದ 7.5 ಮಿ.ಮೀ. ಹೊರಗಿರಲಿ. ಶಾಫ್ಟನ್ನೂ ಪಿನ್ನನ್ನೂ ಲಾಕ್‌ಟೈಟ್‌ನಲ್ಲಿ ಕೂರಿಸಿ ಒಂದು ದಿನ ಮುಟ್ಟಬೇಡಿ.

ಫ್ಲೈವೀಲ್ 50 × 10, ಹಿಂದೆ 14 ಮಿ.ಮೀ. ಹಬ್, ಅದಕ್ಕೆ ಎಂ3 ಗ್ರಬ್ ಸ್ಕ್ರೂ. 5 ಮಿ.ಮೀ. ಬೋರ್ ರೀಮ್ ಮಾಡಿದ ಮೇಲೆ ಅದೇ ಅಳತೆಯ ಮ್ಯಾಂಡ್ರೆಲ್ (ಬೋರಿನೊಳಗೆ ತೂರುವ ಸರಳು) ಮೇಲೆ ಹೊರಮೈ ಮುಗಿಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಆದರೆ ಈ ವ್ಯಾಸಕ್ಕೆ 160 ಸುತ್ತು ಸಾಕು. ಒಂದು ಸುತ್ತಿನಲ್ಲಿ ಅರ್ಧ ಸುತ್ತು ಮಾತ್ರ ಗಾಳಿ ದೂಡುತ್ತದೆ, ಉಳಿದರ್ಧ ಫ್ಲೈವೀಲಿನ ಹೊಣೆ. ಹಾಗಾಗಿ ಅಂದಕ್ಕೆಂದು ತೆಳುವು ಮಾಡಬೇಡಿ.

ಪ್ಲೇಟ್ ಮತ್ತು ಪೋರ್ಟ್‌ಗಳು

ಪ್ಲೇಟಿನ ತಳದಿಂದ 30 ಮಿ.ಮೀ. ಮೇಲೆ ಶಾಫ್ಟಿನ ಬುಷ್‌ಗೆ 8 ಮಿ.ಮೀ. ತೂತು, ಅದರಿಂದ 40 ಮಿ.ಮೀ. ಮೇಲೆ ಪಿವಟ್ಟಿಗೆ 4 ಮಿ.ಮೀ. ರೀಮ್ ತೂತು. ಎರಡನ್ನೂ ಒಂದೇ ಹಿಡಿತದಲ್ಲಿ ಕೊರೆಯಿರಿ.

ಪೋರ್ಟ್‌ಗಳನ್ನು ಗೆರೆ ಎಳೆದು ಪಂಚ್ ಹೊಡೆದು ಕೊರೆಯಬಹುದು: ಪಿವಟ್ಟಿನಿಂದ 14.7 ಮೇಲೆ, 3 ಎಡಕ್ಕೆ, 3 ಬಲಕ್ಕೆ. ಆದರೆ ಪಂಚ್ 0.3 ಸರಿದರೆ ಮರೆಯ ಅರ್ಧಕ್ಕೂ ಹೆಚ್ಚು ಹೋಯಿತು. ಇದಕ್ಕಿಂತ ಬಿಟ್ಟಿಗೆ ದಾರಿ ತೋರಿಸುವ ಒಂದು ಜಿಗ್ ಮಾಡುವುದು ಲೇಸು. 10 ಮಿ.ಮೀ. ಚೌಕದ ಉಕ್ಕಿನ ಬಾರ್, 72 ಮಿ.ಮೀ. ಉದ್ದ. ಮೇಲಿನ ತುದಿಯಿಂದ 5 ಮಿ.ಮೀ.ಗೆ 2.5 ತೂತು, ಅಲ್ಲಿಂದ ಸರಿಯಾಗಿ 15 ಮಿ.ಮೀ. ಕೆಳಗೆ 4 ಮಿ.ಮೀ. ತೂತು. ಕೆಳಗಿನ 26 ಮಿ.ಮೀ. ಭಾಗವನ್ನು ಹಿಂಬದಿಯಿಂದ 7 ಮಿ.ಮೀ. ತೆಗೆದುಹಾಕಿ, ಕ್ರ್ಯಾಂಕ್ ಡಿಸ್ಕಿಗೆ ಜಾಗ ಬೇಕಲ್ಲ. ಉಳಿದ ತೆಳು ನಾಲಗೆಯಲ್ಲಿ ನಡುವೆ 3 ಮಿ.ಮೀ. ಅಗಲದ ಸೀಳು, ತುದಿ ತೆರೆದ ಕವೆಯ ಹಾಗೆ.

ಬುಷ್ ಕೂರಿಸಿ, ಕ್ರ್ಯಾಂಕ್ ಹಾಕಿ, ಡಿಸ್ಕಿನ ಹಿಂದೆ ಅರ್ಧ ಮಿ.ಮೀ. ವಾಷರ್ ಇಡಿ. ಜಿಗ್ಗನ್ನು 4 ಮಿ.ಮೀ. ಪಿನ್ನಿನಿಂದ ಪಿವಟ್ ತೂತಿಗೆ ಸಿಕ್ಕಿಸಿ, ಕವೆಯೊಳಗೆ ಕ್ರ್ಯಾಂಕ್ ಪಿನ್ ಬರಲಿ. ಈಗ ಶಾಫ್ಟನ್ನು ಮೆಲ್ಲಗೆ ತಿರುಗಿಸಿ. ಜಿಗ್ ಒಂದು ಕಡೆಗೆ ವಾಲುತ್ತ ಹೋಗಿ, ಒಂದು ಹಂತದಲ್ಲಿ ನಿಂತಂತಾಗಿ, ಮತ್ತೆ ವಾಪಸು ಹೊರಡುತ್ತದೆ. ನಿಂತಂತಾದ ಜಾಗದಲ್ಲಿ ಕ್ಲ್ಯಾಂಪ್ ಬಿಗಿದು 2.5 ಬಿಟ್ ಇಳಿಸಿ, ಪ್ಲೇಟಿನೊಳಗೆ 6 ಮಿ.ಮೀ. ಮಾತ್ರ. ಇನ್ನೊಂದು ಕಡೆಗೂ ಹೀಗೆಯೇ. ಆ ಹಂತದಲ್ಲಿ ಕ್ರ್ಯಾಂಕ್ ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆಯಾದರೂ ಜಿಗ್ ಅಲುಗುವುದೇ ಇಲ್ಲವೆನ್ನಬೇಕು. ಕ್ರ್ಯಾಂಕಿನ ತ್ರಿಜ್ಯ 8 ಬರದೆ 7.9 ಬಂದಿದ್ದರೆ ಪೋರ್ಟ್‌ಗಳೂ ಅದಕ್ಕೆ ತಕ್ಕ ಹಾಗೆ ತಾವೇ ಬೀಳುತ್ತವೆ. ಸಿಲಿಂಡರಿನ ಪೋರ್ಟನ್ನೂ ಇದೇ ಜಿಗ್ಗಿನಿಂದ, ಪಿವಟ್ ಪಿನ್ ಹಾಕಿ, ಎಳೆದ ಗೆರೆಗೆ ಸರಿಹೊಂದಿಸಿ, ಬೋರಿನವರೆಗೆ ಕೊರೆಯಿರಿ.

ಗಾಳಿಯ ದಾರಿಗೆ ಪ್ಲೇಟಿನ ಎರಡೂ ಅಂಚುಗಳಿಂದ, ದಪ್ಪದ ನಡುವೆ, ಪೋರ್ಟಿನ ಎತ್ತರಕ್ಕೇ 2.5 ತೂತು. 18 ಮಿ.ಮೀ. ಆಳಕ್ಕೆ ನಿಲ್ಲಿಸಿ, 21 ದಾಟಿದರೆ ಪಕ್ಕದ ಪೋರ್ಟಿಗೆ ಹೊಕ್ಕುಬಿಡುತ್ತದೆ. ಬಾಯಿಗೆ 4.2 ಬಿಟ್, ಎಂ5 ಟ್ಯಾಪ್, 8 ಮಿ.ಮೀ. ಆಳ.

ಮುಖ ಉಜ್ಜುವುದು, ಜೋಡಿಸುವುದು

ದಪ್ಪ ಗಾಜಿನ ಮೇಲೆ 400, 600, 1000 ನಂಬರಿನ ಕಾಗದಗಳನ್ನು ಒಂದಾದ ಮೇಲೊಂದು ಹಾಸಿ, ಎಣ್ಣೆ ಬಿಟ್ಟು, ಸಿಲಿಂಡರಿನ ಮುಖವನ್ನೂ ಪ್ಲೇಟಿನ ಮುಖವನ್ನೂ ಎಂಟರ ಆಕಾರದಲ್ಲಿ ಉಜ್ಜಿ. ಮಾರ್ಕರ್ ಮಸಿ ಬಳಿದು ಉಜ್ಜಿದರೆ ತಗ್ಗು ಎಲ್ಲಿದೆ ಎಂದು ಕಾಣುತ್ತದೆ. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಬೇಡ, ಅದರ ಹರಳು ಮೆದು ಲೋಹದಲ್ಲಿ ನಾಟಿಕೊಂಡು ಮುಂದೆಯೂ ಕೆರೆಯುತ್ತಲೇ ಇರುತ್ತದೆ. ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆಯಿರಿ.

ಪಿವಟ್ ಪಿನ್ನನ್ನು ಸಿಲಿಂಡರಿಗೆ ತಿರುಪಿ, ಪ್ಲೇಟಿನಲ್ಲಿ ತೂರಿಸಿ, ಹಿಂದೆ ಸ್ಪ್ರಿಂಗ್, ವಾಷರ್, ಎರಡು ನಟ್. 1 ಬಾರ್ ಒತ್ತಡದಲ್ಲಿ ಪಿಸ್ಟನ್ನಿನ ಮೇಲೆ ಸುಮಾರು 800 ಗ್ರಾಂ ಬಲ ಬೀಳುತ್ತದೆ, ಅದೇ ಬಲ ಸಿಲಿಂಡರನ್ನೂ ಪ್ಲೇಟಿನಿಂದ ಓರೆ ಮಾಡಲು ನೋಡುತ್ತದೆ. ಸ್ಪ್ರಿಂಗ್ ಅರ್ಧ ಕಿಲೋದಷ್ಟು ಎಳೆಯುವಂತಿದ್ದರೆ ಸರಿ. ಕೊನೆಯದಾಗಿ 5 ಮಿ.ಮೀ. ದಪ್ಪದ ಮುಚ್ಚಳವನ್ನು ಸಿಲಿಂಡರಿನ ನೆತ್ತಿಯಲ್ಲಿ, ಬೋರಿನೊಳಗೆ, ಲಾಕ್‌ಟೈಟ್‌ನಿಂದ ಕೂರಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ ಮುಚ್ಚಳದ ಕೆಳಗೆ 4 ಮಿ.ಮೀ. ಖಾಲಿ ಇರುತ್ತದೆ.

ಓಡದಿದ್ದರೆ

ಗಾಳಿ ಕೊಡುವ ಮುಂಚೆ ಕೈಯಲ್ಲಿ ತಿರುಗಿಸಿ. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬಿಗಿಯಾದರೆ ಸ್ಪ್ರಿಂಗ್ ನಟ್ ಸಡಿಲಿಸಿ ನೋಡಿ. ಬಿಗಿತ ಹೋದರೆ ತಪ್ಪು ಪಿವಟ್ಟಿನದು, ಅದು ಮುಖಕ್ಕೆ ಲಂಬವಾಗಿಲ್ಲ. ಹೋಗದಿದ್ದರೆ ಕ್ರ್ಯಾಂಕ್ ಪಿನ್ ಓರೆ.

ಎಲ್ಲ ಕಡೆಯೂ ಒಂದೇ ಸಮ ಬಿಗಿ ಇದ್ದರೆ ಅದು ರೋಗವಲ್ಲ. ಎಣ್ಣೆ ಬಿಟ್ಟು, ಶಾಫ್ಟನ್ನು ಲೇತ್ ಚಕ್ಕಿಗೇ ಕಚ್ಚಿಸಿ 200 ಸುತ್ತಿನಲ್ಲಿ ಕಾಲು ಗಂಟೆ ಓಡಿಸಿ, ಪ್ಲೇಟನ್ನು ಟೂಲ್ ಪೋಸ್ಟಿಗೆ ಕಟ್ಟಿ, ಕೈಯಲ್ಲಿ ಹಿಡಿಯಬೇಡಿ.

ಕ್ರ್ಯಾಂಕನ್ನು ನೆಟ್ಟಗೆ ನಿಲ್ಲಿಸಿ ಒಳದಾರಿಗೆ ಬಾಯಿಂದ ಊದಿ. ಉಸಿರು ಪೂರ್ತಿ ತಡೆಯಬೇಕು. ಹೊರದಾರಿಯಿಂದ ಬಂದರೆ ಪೋರ್ಟ್ ದೊಡ್ಡದಾಗಿದೆ ಅಥವಾ ಮುಖ ಕೂತಿಲ್ಲ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎಲ್ಲಿ ಏಳುತ್ತದೆಂದು ತಿಳಿಯುತ್ತದೆ. ಗುಳ್ಳೆ ಸಿಲಿಂಡರಿನ ತಳದಲ್ಲಿ ಎದ್ದರೆ ಸೋರುತ್ತಿರುವುದು ಪಿಸ್ಟನ್.

ರೆಗ್ಯುಲೇಟರನ್ನು ಸೊನ್ನೆಯಿಂದ ಏರಿಸುತ್ತ ಹೋಗಿ, ಕನ್ನಡಕ ಹಾಕಿಕೊಂಡು. ಫ್ಲೈವೀಲಿಗೆ ಬೆರಳಿನಿಂದ ಒಂದು ತಳ್ಳು ಕೊಡಿ, ಇದು ತಾನೇ ಹೊರಡುವ ಎಂಜಿನ್ ಅಲ್ಲ. ವೇಗ ಏರಿದಾಗ ಟಕಟಕ ಎಂದರೆ ಸಿಲಿಂಡರ್ ಪ್ಲೇಟಿನಿಂದ ಏಳುತ್ತಿದೆ, ನಟ್ ಕಾಲು ಸುತ್ತು ಬಿಗಿ ಮಾಡಿ. ತಿರುಗುವ ದಿಕ್ಕು ಬದಲಾಗಬೇಕಿದ್ದರೆ ಪೈಪನ್ನು ಇನ್ನೊಂದು ಬಾಯಿಗೆ ಹಾಕಿದರಾಯಿತು.

ಕಂಪ್ರೆಸರ್ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ಸಿಲ್ವರ್ ಸ್ಟೀಲಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು. ನಿಲ್ಲಿಸಿದ ಮೇಲೆ ಒಳದಾರಿಗೆ ಎರಡು ಹನಿ ತೆಳು ಎಣ್ಣೆ ಬಿಟ್ಟು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿಡಿ.