ಸಣ್ಣ ಮನೆ, ದೊಡ್ಡ ಮಳೆ: ಶಿವಮೊಗ್ಗಕ್ಕೆ ಬಂದ ಹೊಸಬರಿಗೆ ಮನೆ ಜೋಡಿಸುವ ಮಾರ್ಗದರ್ಶಿ

ಶಿವಮೊಗ್ಗಕ್ಕೆ ಬಂದಿದ್ದೀರಿ, ಸಂತೋಷ. ವರ್ಗಾವಣೆಯೋ, ಹೊಸ ಕೆಲಸವೋ, ಮಕ್ಕಳ ಓದೋ, ಕಾರಣ ಏನೇ ಇರಲಿ, ಹೆಚ್ಚಿನ ಕುಟುಂಬಗಳು ಇಲ್ಲಿಗೆ ಸಾಮಾನು ಇಳಿಸುವುದು ಮೇ ಕೊನೆಗೋ ಜೂನ್ ಮೊದಲಿಗೋ. ಶಾಲೆ ಶುರುವಾಗುವ ಹೊತ್ತು ಅದು. ಮಳೆ ಹಿಡಿಯುವ ಹೊತ್ತೂ ಅದೇ. ಗಡಿಬಿಡಿಯಲ್ಲಿ ಮಂಚ ಇಲ್ಲಿ, ಬೀರು ಅಲ್ಲಿ ಅಂತ ನೂಕಿಬಿಟ್ಟರೆ ಆಮೇಲೆ ನಾಲ್ಕು ತಿಂಗಳು ಅವುಗಳನ್ನು ಅಲುಗಾಡಿಸಲು ಆಗುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿ. ಒಂದು ಅಥವಾ ಎರಡು ಬೆಡ್‌ರೂಮಿನ ಬಾಡಿಗೆ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಯ ಸಂಘದವರಾದ ನಾವು ಬರೆದಿದ್ದೇವೆ.

ಸಣ್ಣ ಮನೆ ಅಂದ ಕೂಡಲೇ ಎಲ್ಲರೂ ಹೇಳುವ ಮಾತು ಒಂದೇ. ಗೋಡೆ ಖಾಲಿ ಬಿಡಬೇಡಿ, ನೆಲದಿಂದ ಸೀಲಿಂಗ್‌ವರೆಗೆ ಕಪಾಟು ಮಾಡಿಸಿ, ಮಂಚದಡಿಯೂ ತುಂಬಿಸಿ. ಬಳ್ಳಾರಿಯಲ್ಲಿ, ಕಲಬುರಗಿಯಲ್ಲಿ ಅದು ಸರಿಯೇ. ಇಲ್ಲಿ ಹಾಗೆ ಮಾಡಿದರೆ ಜುಲೈ ಹೊತ್ತಿಗೆ ಕಪಾಟಿನ ಬೆನ್ನಿಗೆ ಬೂಷ್ಟು ಹಿಡಿದು, ರೇಷ್ಮೆ ಸೀರೆ ತೆಗೆದರೆ ಮುಗ್ಗಲು ವಾಸನೆ. ನಮ್ಮ ಊರು ಆಗುಂಬೆಯಲ್ಲ, ನಿಜ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಇಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮೋಡ ಅದೇ, ಥಂಡಿಯೂ, ಅಂದರೆ ಗಾಳಿಯ ತೇವವೂ, ಅದೇ. ದಿನಗಟ್ಟಲೆ ಬಿಸಿಲು ಕಾಣದೆ ಹೋಗುವುದು ಇಲ್ಲಿ ಮಾಮೂಲು. ನಿಮಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಸಿಕ್ಕಿದ್ದರೆ ಇಲ್ಲಿ ಬರೆದದ್ದನ್ನೆಲ್ಲ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಮಲೆನಾಡಿನಲ್ಲಿ ಮೊದಲು ಒದ್ದೆ ವಸ್ತುಗಳಿಗೆ ಜಾಗ ಗೊತ್ತು ಮಾಡಬೇಕು, ಆಮೇಲೆ ಗಾಳಿಗೆ ಜಾಗ ಬಿಡಬೇಕು, ಉಳಿದದ್ದರಲ್ಲಿ ಸಾಮಾನು.

ಒದ್ದೆಗೆ ಮೊದಲ ಪಾಲು

ಬಾಗಿಲಿನಿಂದಲೇ ಶುರು ಮಾಡಿ. ನಾಲ್ಕು ಜನರ ಮನೆ ಅಂದರೆ ನಾಲ್ಕು ಕೊಡೆ, ಮೂರೋ ನಾಲ್ಕೋ ರೈನ್‌ಕೋಟು, ಒಂದೆರಡು ಹೆಲ್ಮೆಟ್ಟು, ಎರಡು ಸ್ಕೂಲ್ ಬ್ಯಾಗು, ಎಂಟು ಜೊತೆ ಚಪ್ಪಲಿ, ಶೂ. ಸಂಜೆ ಐದರಿಂದ ಏಳರ ಒಳಗೆ ಇವೆಲ್ಲ ನೀರು ಸುರಿಸಿಕೊಂಡು ಒಳಗೆ ಬರುತ್ತವೆ. ಇದಕ್ಕೆ ಒಂದು ಮೂಲೆ ಇಲ್ಲದಿದ್ದರೆ ಇಡೀ ಹಾಲ್ ಕೆಸರು. ಬಾಗಿಲ ಪಕ್ಕ ಒಂದೂವರೆ ಅಡಿ ಅಗಲದ ಜಾಗ ಸಾಕು. ಕೆಳಗೆ ಒಂದು ಹಳೆಯ ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಕೊಡೆಗಳು ತುದಿ ಕೆಳಗಾಗಿ. ಮೇಲೆ ಗೋಡೆಗೆ ಎರಡು ಸಾಲು ಕೊಕ್ಕೆ, ದೊಡ್ಡವರಿಗೆ ಐದು ಅಡಿ ಎತ್ತರದಲ್ಲಿ, ಮಕ್ಕಳ ಕೈಗೆ ಸಿಗುವಂತೆ ಮೂರು ಅಡಿಯಲ್ಲಿ. ರೈನ್‌ಕೋಟಿನ ನೀರು ತೊಟ್ಟಿಕ್ಕುವ ಕಡೆ ಒಂದು ತಟ್ಟೆಯಂಥದ್ದು ಇಡಿ. ಚಪ್ಪಲಿಗೆ ಬಾಗಿಲು ಮುಚ್ಚುವ ಪೆಟ್ಟಿಗೆ ಬೇಡವೇ ಬೇಡ. ಕಬ್ಬಿಣದ ಸರಳಿನದೋ ಮರದ ಪಟ್ಟಿಯದೋ ತೆರೆದ ಸ್ಟ್ಯಾಂಡ್ ತನ್ನಿ. ಮುಚ್ಚಿದ ಪೆಟ್ಟಿಗೆಯಲ್ಲಿ ಚರ್ಮದ ಶೂ ಒಂದೇ ವಾರಕ್ಕೆ ಬಿಳಿಯಾಗುತ್ತದೆ.

ಬಟ್ಟೆ ಒಣಗಿಸುವುದು ಇನ್ನೂ ದೊಡ್ಡ ಪ್ರಶ್ನೆ. ಹಳ್ಳಿ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಿಸಿಗೆ ಒಣಗಿಸುತ್ತಾರೆ. ಅಪಾರ್ಟ್‌ಮೆಂಟಿನಲ್ಲಿ ಒಲೆ ಇಲ್ಲ, ಬಾಲ್ಕನಿಗೆ ಇರಚಲು ಹೊಡೆಯುತ್ತದೆ. ನಮ್ಮ ಸಲಹೆ ಏನೆಂದರೆ ಹಾಲಿನಲ್ಲಿ ಫ್ಯಾನಿನ ಹತ್ತಿರ ಸೀಲಿಂಗಿಗೆ ರಾಟೆ ಹಗ್ಗದ ಹ್ಯಾಂಗರ್ ಹಾಕಿಸಿ. ರೆಕ್ಕೆ ತಾಗದಷ್ಟು ದೂರ ಇರಬೇಕು, ಗಾಳಿ ಮಾತ್ರ ಬೀಸಬೇಕು. ರಾತ್ರಿ ಮಲಗುವ ಮುನ್ನ ಬಟ್ಟೆ ಹರವಿ ಮೇಲೆ ಎಳೆದು, ಫ್ಯಾನ್ ಹಾಕಿ, ಒಂದು ಕಿಟಕಿ ಸ್ವಲ್ಪ ತೆರೆದಿಡಿ. ಬೆಳಿಗ್ಗೆ ಕೆಳಗಿಳಿಸಿದರೆ ಹಾಲ್ ಮತ್ತೆ ಹಾಲೇ. ವಾಷಿಂಗ್ ಮೆಷಿನ್ ಇದ್ದರೆ ಎರಡನೇ ಸಲ ಬರೀ ಸ್ಪಿನ್ ತಿರುಗಿಸಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕಿಟಕಿ ಮುಚ್ಚಿದ ಬೆಡ್‌ರೂಮಿನಲ್ಲಿ ಮಾತ್ರ ಒಣಹಾಕಬೇಡಿ. ಬಟ್ಟೆಯಿಂದ ಹೋದ ನೀರು ಗೋಡೆಗೆ, ಹಾಸಿಗೆಗೆ ಹೋಗಿ ಕೂರುತ್ತದೆ. ಸೀಲಿಂಗಿಗೆ, ಗೋಡೆಗೆ ತೂತು ಕೊರೆಯುವ ಮೊದಲು ಓನರ್ ಹತ್ತಿರ ಒಂದು ಮಾತು ಕೇಳಿ. ಮನೆ ಬಿಡುವಾಗ ಅಡ್ವಾನ್ಸ್ ವಿಷಯದಲ್ಲಿ ಬೇಸರ ಆಗುವುದು ಬೇಡ.

ಗೋಡೆ ನೋಡಿ, ಆಮೇಲೆ ಬೀರು

ನಮ್ಮ ಮಳೆ ಬರುವುದು ಪಡುವಣದಿಂದ, ನೈಋತ್ಯದಿಂದ. ಹಾಗಾಗಿ ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳು ಹೆಚ್ಚು ನೆನೆಯುತ್ತವೆ. ಮನೆಗೆ ಹೋದ ದಿನ ದಿಕ್ಕು ನೋಡಿಕೊಂಡು ಆ ಗೋಡೆಗಳಿಗೆ ಕೈ ಇಟ್ಟು ನೋಡಿ. ತಣ್ಣಗೆ ಜಿಗುಟಿದ ಹಾಗೆ ಅನ್ನಿಸಿದರೆ, ಅಥವಾ ಕೆಳಗೆ ಬಣ್ಣ ಉಬ್ಬಿ ಪುಡಿ ಉದುರುತ್ತಿದ್ದರೆ, ಆ ಗೋಡೆಗೆ ಬಟ್ಟೆಯ ಬೀರು, ಪುಸ್ತಕದ ಕಪಾಟು, ಮಂಚದ ತಲೆ ಯಾವುದೂ ಬೇಡ. ಕುರ್ಚಿ, ಟೀಪಾಯಿಯಂಥ ತೆರೆದ ಸಾಮಾನು ಅಲ್ಲಿಗೆ ಹೋಗಲಿ. ಬೀರು ಯಾವಾಗಲೂ ಎರಡು ಕೋಣೆಗಳ ನಡುವಿನ ಒಳಗೋಡೆಗೆ. ಅಲ್ಲೂ ಮೂರು ಇಂಚು ಬಿಟ್ಟು ನಿಲ್ಲಿಸಿ. ಸಣ್ಣ ಕೋಣೆಯಲ್ಲಿ ಆ ಜಾಗ ದಂಡ ಅನ್ನಿಸಬಹುದು, ಆದರೆ ಬೀರನ್ನು ಉಳಿಸುವುದೇ ಆ ಸಂದು.

ಕಬ್ಬಿಣದ ಬೀರು ಈಗಿನ ಕಾಲಕ್ಕೆ ಚಂದ ಕಾಣುವುದಿಲ್ಲ ಅಂತ ಕೆಲವರು ಊರಲ್ಲೇ ಮಾರಿ ಬರುತ್ತಾರೆ. ದಯವಿಟ್ಟು ತನ್ನಿ. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, 19 ಇಂಚು ಆಳ, ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ಬಟ್ಟೆ ಹಿಡಿಯುವ, ಒರಲೆ (ಗೆದ್ದಲು) ಮುಟ್ಟದ ಸಾಮಾನು ಬೇರೆ ಇಲ್ಲ. ಕಾಲಿನ ಕೆಳಗೆ ರಬ್ಬರ್ ಬುಷ್ ಹಾಕಿ, ನೆಲ ಒರೆಸಿದ ನೀರು ತಾಗಿ ತುಕ್ಕು ಹಿಡಿಯುವುದು ಅಲ್ಲಿಂದಲೇ. ಒಳಗೆ ನುಸಿ ಗುಳಿಗೆ ಇಟ್ಟರೆ ಹುಳ ಬರುವುದಿಲ್ಲ ಅಷ್ಟೇ, ಬೂಷ್ಟಿಗೆ ಅದು ಮದ್ದಲ್ಲ. ಮಳೆ ಹೊಳವಾದ ದಿನ ಬಾಗಿಲು ತೆರೆದಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಒಂದು ಗಂಟೆ ಹಾಕಿ. ಅದೇ ಮದ್ದು.

ಟೇಪು ಹಿಡಿದು ಲೆಕ್ಕ

ಹತ್ತು ಬೈ ಹತ್ತರ ಬೆಡ್‌ರೂಮ್ ಅಂದುಕೊಳ್ಳಿ. ಆರು ಅಡಿ ಅಗಲದ ಮಂಚವನ್ನು ಒಂದು ಗೋಡೆಗೆ ಒತ್ತಿ ಹಾಕಿದಿರಿ. ಉಳಿದದ್ದು ನಾಲ್ಕು ಅಡಿ. ಎದುರು ಗೋಡೆಗೆ ಬೀರು, ಹಿಂದಿನ ಸಂದು ಸೇರಿ ಅದು 22 ಇಂಚು ತಿನ್ನುತ್ತದೆ. ನಡುವೆ ಉಳಿಯುವುದು ಎರಡು ಅಡಿ ಎರಡು ಇಂಚು. ಬೀರಿನ ಒಂದು ಬಾಗಿಲು ತೆರೆಯುವುದಕ್ಕೇ ಒಂದೂವರೆ ಅಡಿ ಬೇಕು. ಆಗ ನೀವು ನಿಲ್ಲುವುದು ಎಲ್ಲಿ? ಅದೇ ಐದು ಅಡಿಯ ಮಂಚ ಆದರೆ ಮೂರು ಅಡಿ ಎರಡು ಇಂಚು ಸಿಗುತ್ತದೆ, ಓಡಾಡಬಹುದು, ನೆಲದ ಮೇಲೆ ಮಗುವಿಗೆ ಹಾಸಿಗೆಯನ್ನೂ ಹಾಕಬಹುದು. ಮಂಚದ ಅಗಲದಲ್ಲಿ ಒಂದು ಅಡಿ ಬಿಟ್ಟುಕೊಟ್ಟರೆ ಇಡೀ ಕೋಣೆ ವಾಪಸ್ ಸಿಕ್ಕ ಹಾಗೆ.

ಕೊಳ್ಳುವ ಮುಂಚೆ ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟು ಇವುಗಳನ್ನೂ ಅಳೆಯಿರಿ. ಮೂರು ಅಡಿ ಬಾಗಿಲು ಅಂತ ಹೇಳಿದರೂ ಚೌಕಟ್ಟು ಕಳೆದರೆ ಅಷ್ಟು ಸಿಗುವುದಿಲ್ಲ. ಹಳೆಯ ಬಡಾವಣೆಗಳ ಮನೆಗಳಲ್ಲಿ ಮೆಟ್ಟಿಲು ಇಕ್ಕಟ್ಟು, ಬಿಚ್ಚಿ ಜೋಡಿಸುವ ಮಂಚವೇ ವಾಸಿ.

ಮಂಚದಡಿ ಪೆಟ್ಟಿಗೆ ಇರುವ ಬಾಕ್ಸ್ ಕಾಟ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ತೆಗೆದುಕೊಳ್ಳಿ, ಆದರೆ ಅದರೊಳಗೆ ಪಾತ್ರೆ, ಸ್ಟೀಲ್ ಡಬ್ಬಿ, ಸೂಟ್‌ಕೇಸ್ ಇಡಿ. ಕಂಬಳಿ, ಉಣ್ಣೆ, ಹತ್ತಿ ಹಾಸಿಗೆ ಇಟ್ಟರೆ ಆರಿದ್ರಾ ಮಳೆ ಮುಗಿಯುವುದರೊಳಗೆ ವಾಸನೆ ಹೊಡೆಯುತ್ತದೆ. ಪೆಟ್ಟಿಗೆಯ ಪಕ್ಕದ ಹಲಗೆಗೆ ಆಚಾರ್ರಿಂದ ನಾಲ್ಕಾರು ತೂತು ಹೊಡೆಸಿ. ಹಾಸಿಗೆಯ ಕೆಳಗೆ ಇಡೀ ಪ್ಲೈವುಡ್ ಬೇಡ, ನಡುವೆ ಸಂದಿರುವ ಪಟ್ಟಿಗಳು ಇರಲಿ.

ಹಾಲಿಗೆ ದಿವಾನ, ನೆಂಟರಿಗೆ ನೆಲ

ಸೋಫಾ ಸೆಟ್ಟು ಬೇಡ ಅಂತ ನಾವು ಖಡಾಖಂಡಿತವಾಗಿ ಹೇಳುತ್ತೇವೆ. ಮೂರು ಬೈ ಆರರ ಒಂದು ದಿವಾನ ತನ್ನಿ. ಹಗಲು ನಾಲ್ವರು ಕೂರುತ್ತಾರೆ, ರಾತ್ರಿ ಒಬ್ಬರು ಮಲಗುತ್ತಾರೆ. ಜೊತೆಗೆ ಎರಡು ಬೆತ್ತದ ಕುರ್ಚಿ, ದಿಂಬು ತೆಗೆದು ಒಣಗಿಸುವಂಥದ್ದು. ಒಂದರ ಮೇಲೊಂದು ಪೇರಿಸಬಹುದಾದ ಪ್ಲಾಸ್ಟಿಕ್ ಕುರ್ಚಿ ನಾಲ್ಕು ಇದ್ದರೆ ಸತ್ಯನಾರಾಯಣ ಪೂಜೆಯೂ ಮುಗಿಯುತ್ತದೆ.

ಇದಕ್ಕೆ ಒಂದು ಕಾರಣ ಇದೆ. ಶಿವಮೊಗ್ಗ ಜಿಲ್ಲಾ ಕೇಂದ್ರ. ನೀವು ಇಲ್ಲಿ ಮನೆ ಮಾಡಿದ್ದೀರಿ ಅಂತ ಗೊತ್ತಾದರೆ ನೆಂಟರು ಬರುತ್ತಾರೆ. ಮೆಗ್ಗಾನ್ ಆಸ್ಪತ್ರೆಗೆ ತೋರಿಸಲು ಬಂದವರು, ಕೋರ್ಟಿಗೆ ಬಂದವರು, ಮಗಳನ್ನು ಕಾಲೇಜಿಗೆ ಸೇರಿಸಲು ಬಂದವರು, ಜೋಗ ನೋಡಲು ಹೊರಟವರು. ಒಂದು ರಾತ್ರಿ ಉಳಿದು ಹೋಗಿ ಅನ್ನುವುದು ನಮ್ಮ ಮರ್ಯಾದೆ. ಅವರಿಗೆ ಬೇಕಾಗಿರುವುದು ಸೋಫಾ ಅಲ್ಲ, ಆರು ಅಡಿ ಉದ್ದದ ಖಾಲಿ ನೆಲ. ಮಡಚಿಡುವ ಎರಡು ಹಾಸಿಗೆ, ಜಮಖಾನ, ಚಾಪೆ ಇದ್ದರೆ ಸಾಕು. ಚಾಪೆಯನ್ನು ಸುತ್ತಿ ನಿಲ್ಲಿಸಿ, ಮಲಗಿಸಿ ಇಟ್ಟರೆ ಥಂಡಿ ಹಿಡಿಯುತ್ತದೆ.

ಊಟಕ್ಕೂ ಓದಿಗೂ ಗೋಡೆಗೆ ಮಡಚುವ ಒಂದು ಹಲಗೆ ಟೇಬಲ್ ಮಾಡಿಸಿಕೊಳ್ಳಿ. ಒಬ್ಬರು ಊಟಕ್ಕೆ ಕೂರಲು ಎರಡು ಅಡಿ ಅಗಲ ಬೇಕು, ಎತ್ತರ 30 ಇಂಚು. ನಾಲ್ಕು ಅಡಿ ಉದ್ದದ ಹಲಗೆಯಲ್ಲಿ ಇಬ್ಬರು ಮಕ್ಕಳು ಅಕ್ಕಪಕ್ಕ ಕೂತು ಓದಬಹುದು. ಕೆಲಸ ಮುಗಿದ ಮೇಲೆ ಮಡಚಿ ಬಿಡಿ.

ಮರ, ಪ್ಲೈವುಡ್, ಆಚಾರ್ರು

ರೆಡಿಮೇಡ್ ಪಾರ್ಟಿಕಲ್ ಬೋರ್ಡ್ ಸಾಮಾನು ಕಡಿಮೆ ಬೆಲೆಗೆ ಸಿಗುತ್ತದೆ, ಹೊಳೆಯುತ್ತದೆ. ಅಂಚಿನಲ್ಲಿ ಒಂದು ಸಲ ನೀರು ಹೊಕ್ಕರೆ ಊದಿಕೊಂಡು ಸ್ಕ್ರೂ ಹಿಡಿಯುವುದಿಲ್ಲ. ಟೀವಿ ಸ್ಟ್ಯಾಂಡಿಗೆ ಪರವಾಗಿಲ್ಲ, ಅಡುಗೆಮನೆಗೂ ಬಚ್ಚಲ ಪಕ್ಕಕ್ಕೂ ಬೇಡ. ಪ್ಲೈವುಡ್ ಕೊಳ್ಳುವಾಗ ಹಲಗೆಯ ಮೇಲಿನ ಮುದ್ರೆ ಓದಿ. ಎಂಆರ್ ಅಂದರೆ ಥಂಡಿಯನ್ನು ಸ್ವಲ್ಪ ತಡೆಯುತ್ತದೆ, ನೀರನ್ನಲ್ಲ. ಬಿಡಬ್ಲ್ಯುಆರ್ ಅದಕ್ಕಿಂತ ಗಟ್ಟಿ. ಸಿಂಕಿನ ಕೆಳಗೆ ನೀರಿಗೆ ಜಗ್ಗದ ಬಿಡಬ್ಲ್ಯುಪಿ, ಅಂದರೆ ಐಎಸ್ 710 ಎಂಬ ಭಾರತೀಯ ಮಾನಕದ ಮುದ್ರೆಯದ್ದೇ ಇರಲಿ. ಹಿಂಬದಿಯ ಹಲಗೆಗೂ ಅಂಚುಗಳಿಗೂ ಬಣ್ಣವೋ ವಾರ್ನಿಶೋ ಬಳಿಸಿ. ಕಣ್ಣಿಗೆ ಬೀಳದ ಕಡೆ ಅಂತ ಬಿಟ್ಟುಬಿಡುತ್ತಾರೆ, ಥಂಡಿ ಹೊಗುವುದೇ ಅಲ್ಲಿಂದ.

ಮರದ ಕೆಲಸ ಮಾಡಿಸುವುದಿದ್ದರೆ ಬೇಸಿಗೆಗೆ ಮುಂದೂಡಿ. ಮಳೆಗಾಲದಲ್ಲಿ ಮಾಡಿದ ಡ್ರಾಯರ್ ಬೇಸಿಗೆಯಲ್ಲಿ ಸಡಿಲ, ಬೇಸಿಗೆಯಲ್ಲಿ ಬಿಗಿಯಾಗಿ ಮಾಡಿದ್ದು ಮಳೆಗಾಲದಲ್ಲಿ ಎಳೆದರೂ ಬರುವುದಿಲ್ಲ. ಹಾಗಾಗಿ ಒಣಗಿದ ಮರದಲ್ಲಿ, ಸ್ವಲ್ಪ ಸಂದು ಬಿಟ್ಟು ಮಾಡಿ ಅಂತ ಆಚಾರ್ರಿಗೆ ಹೇಳಿ. ಇಲ್ಲಿಯ ಆಚಾರ್ರಿಗೆ ಇದು ಚೆನ್ನಾಗಿ ಗೊತ್ತು, ಅವರ ಮಾತು ಕೇಳಿ. ಹಲಸು ಒಳ್ಳೆಯ ಮರ, ಕಾಲ ಕಳೆದಂತೆ ಬಣ್ಣ ಚಂದವಾಗುತ್ತದೆ. ಬೀಟೆ, ಸಾಗವಾನಿ ಬಿಲ್ಲಿಲ್ಲದೆ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಮಾತ್ರ ಮುಟ್ಟಬೇಡಿ. ಅರಣ್ಯ ಕಾನೂನಿನ ತೊಂದರೆ ಮನೆ ಬಾಗಿಲಿಗೆ ಬರುತ್ತದೆ.

ಅಡುಗೆಮನೆ

ಇಲ್ಲಿ ನೆಲಕ್ಕಿಂತ ಮೇಲಿನ ಜಾಗಕ್ಕೆ ಬೆಲೆ ಜಾಸ್ತಿ. ಹಿಂದಿನವರ ನೆಲುವು ನೆನಪಿದೆಯಲ್ವಾ? ಅದೇ ಉಪಾಯ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗೆ ಬಿದಿರಿನ ಬುಟ್ಟಿ ತೂಗುಹಾಕಿ. ಗಾಳಿಯಾಡುವುದರಿಂದ ಬೇಗ ಕೊಳೆಯುವುದಿಲ್ಲ. ಸೀಲಿಂಗಿನಲ್ಲಿ ಒಂದು ಗಟ್ಟಿ ಕೊಕ್ಕೆ ಇರಲಿ. ಪಕ್ಕದ ಮನೆಯವರು ತೋಟದಿಂದ ಬಾಳೆಗೊನೆ ತಂದುಕೊಡುತ್ತಾರೆ, ಅದನ್ನು ಇಡಲು ನೆಲದಲ್ಲಿ ಜಾಗ ಇರುವುದಿಲ್ಲ. ಉಪ್ಪು, ಹುಣಸೆ, ಮಿಡಿ ಉಪ್ಪಿನಕಾಯಿ ಪಿಂಗಾಣಿ ಭರಣಿಯಲ್ಲಿ. ಹಪ್ಪಳ, ಮೆಣಸಿನ ಪುಡಿ, ರವೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಅಕ್ಕಿ ಮೂಟೆ ತಂದರೆ ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲೆ ಇಡಿ. ಮಳೆಗಾಲದಲ್ಲಿ ಇಪ್ಪತ್ತೈದು ಕೆಜಿಗಿಂತ ಜಾಸ್ತಿ ತರಬೇಡಿ.

ಸಿಲಿಂಡರ್ ನೆಟ್ಟಗೆ ನಿಲ್ಲಬೇಕು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಕಪಾಟಿನೊಳಗೆ ಇಟ್ಟರೆ ಅದರ ತಳದಲ್ಲಿ ಗಾಳಿ ಕಿಂಡಿ ಇರಲೇಬೇಕು. ಜೋರು ಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಇಲ್ಲಿ ಸಾಮಾನ್ಯ, ಇನ್ವರ್ಟರ್ ಬೇಕಾಗುತ್ತದೆ. ಅದರ ಬ್ಯಾಟರಿ ಚಾರ್ಜ್ ಆಗುವಾಗ ಉರಿಯುವ ಅನಿಲ ಬಿಡುತ್ತದೆ. ಬೆಡ್‌ರೂಮಿನ ಮೂಲೆ, ಮುಚ್ಚಿದ ಕಪಾಟು, ಸಿಲಿಂಡರಿನ ಪಕ್ಕ ಈ ಮೂರೂ ಬೇಡ. ಇರಚಲು ತಾಗದ ಯುಟಿಲಿಟಿ ಮೂಲೆ ಸರಿ.

ಹಳೆಯ ಸಾಮಾನು ಕೊಳ್ಳುವವರಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಊರು ಬಿಡುವವರು ಒಳ್ಳೊಳ್ಳೆಯ ಸಾಮಾನು ಕಡಿಮೆಗೆ ಕೊಟ್ಟು ಹೋಗುತ್ತಾರೆ. ಹೊಸ ಪಾರ್ಟಿಕಲ್ ಬೋರ್ಡಿಗಿಂತ ಹಳೆಯ ಮರದ ಮಂಚ ಎಷ್ಟೋ ಮೇಲು. ಆದರೆ ಹಗಲು ಬೆಳಕಲ್ಲಿ ತಲೆಕೆಳಗು ಮಾಡಿ ನೋಡಿ. ಸೂಜಿ ಗಾತ್ರದ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳ ಹಿಡಿದಿದೆ. ಕಾಲಿನ ಗುಂಟ ಮಣ್ಣಿನ ಗೆರೆ ಇದ್ದರೆ ಒರಲೆ. ಕೀಲುಗಳ ಸಂದಿನಲ್ಲಿ ಕಪ್ಪು ಚುಕ್ಕೆ ಇದ್ದರೆ ತಿಗಣೆ, ಅದನ್ನು ಪುಕ್ಕಟೆ ಕೊಟ್ಟರೂ ಒಳಗೆ ತರಬೇಡಿ.

ಅಳತೆ ಟೇಪು, ಏಣಿ, ಡ್ರಿಲ್ ಮೆಷಿನ್ ಇವು ನಮ್ಮ ಸಂಘದಲ್ಲಿ ಇವೆ. ಹೆಸರು ಬರೆಸಿ ಒಯ್ದು, ಕೆಲಸ ಮುಗಿದ ಮೇಲೆ ತಂದುಕೊಡಿ. ಮನೆ ಜೋಡಿಸುವ ದಿನ ಭಾರ ಎತ್ತಲು ಜನ ಬೇಕಿದ್ದರೆ ಎರಡು ದಿನ ಮುಂಚೆ ಹೇಳಿ, ಭಾನುವಾರವಾದರೆ ನಮ್ಮ ಹುಡುಗರು ಬರುತ್ತಾರೆ.